ಭೀಮೆಯ ಮೀನು, ನಮ್ಮ ನೀರು

ಪುಣೆಯಿಂದ ಸೊಲ್ಲಾಪುರದ ಹಾದಿಯಾಗಿ ವಿಜಾಪುರ, ಕಲಬುರ್ಗಿಗೆ ಹೋಗಿಬರುವ ನಮ್ಮ ಬಂಧುಗಳಿಗೆ ಭಿಗವಣ ಪರಿಚಿತವೇ. ಅಲ್ಲಿಯ ಖಾನಾವಳಿಗಳ ಮೀನೂಟ ಹೆಸರಾದದ್ದು. ಆದರೆ ಮೀನು ಸಾಕುವ ವಿದ್ಯೆಯ ಇತಿಹಾಸದಲ್ಲಿ ನಮ್ಮ ನಾಡಿನದೂ ಒಂದು ಪುಟವಿದೆಯೆಂಬುದು ಅನೇಕರಿಗೆ ತಿಳಿದಿರಲಾರದು.

ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಅದರ ಮತ್ಸ್ಯವಿನೋದ ಭಾಗದಲ್ಲಿ ಮೀನಿನ ಜಾತಿಗಳು, ಅವುಗಳಿಗೆ ಹಾಕಬೇಕಾದ ಆಹಾರ, ಗಾಳ ಹಾಕುವ ಕ್ರಮ ಎಲ್ಲವೂ ಬಂದಿವೆ. ಆದರೆ ಅದು ಅರಸನ ವಿನೋದ. ಬಡವನ ಹೊಟ್ಟೆಪಾಡಿನ ಮಾತಲ್ಲ.

ಹೊಟ್ಟೆಪಾಡಿಗೆ ಮೀನು ಬೆಳೆಸುವವರಿಗೆ ದೊಡ್ಡ ತೊಡಕು ಬೀಜದ್ದೇ ಆಗಿತ್ತು. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡುತ್ತವೆ. ಕೆರೆಯ ನಿಂತ ನೀರಿನಲ್ಲಿ ಇಡುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಹೊಳೆಗಳಿಂದಲೇ ಮರಿಗಳನ್ನು ಹಿಡಿದು ತರಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲದಲ್ಲಿ ವಿಜ್ಞಾನಿ ಹೀರಾಲಾಲ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸುವುದರಲ್ಲಿ ಸಫಲರಾದರು. ಅಂದಿನಿಂದ ಮೀನುಮರಿ ಹಳ್ಳಿಯ ಕೆರೆಗೂ ದೊರಕುವಂತಾಯಿತು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ.

ಇನ್ನು ಭೀಮೆಯ ಕತೆ. 1980ರಲ್ಲಿ ಉಜನಿ ಅಣೆಕಟ್ಟು ಮುಗಿದಾಗ ಹೊಲ, ಮನೆ, ಪಳಸದೇವದ ಹಳೆಯ ಗುಡಿ ಎಲ್ಲವೂ ಮುಳುಗಿದವು. ಆ ನೀರೇ ಮುಂದೆ ದಂಡೆಯ ಎಷ್ಟೋ ಸಂಸಾರಗಳಿಗೆ ಅನ್ನವಾಯಿತು. ಆದರೆ ಇಂದು ಅಲ್ಲಿ ಬಲೆಗೆ ಹೆಚ್ಚಾಗಿ ಬೀಳುವುದು ಚಿಲಾಪಿ. ನಮ್ಮೂರ ಕಡೆ ಇದಕ್ಕೆ ಜಿಲೇಬಿ ಮೀನು ಎನ್ನುತ್ತಾರೆ. 1952ರಲ್ಲಿ ಹೊರದೇಶದಿಂದ ನಮ್ಮಲ್ಲಿಗೆ ಬಂದ ಈ ತಿಲಾಪಿಯಾ ಕುಲವು ಮೊಟ್ಟೆ-ಮರಿಗಳನ್ನು ಬಾಯಲ್ಲೇ ಕಾಪಾಡಿಕೊಂಡು ಬೇಗ ಹೆಚ್ಚುತ್ತದೆ. ಸಣ್ಣ ಕಣ್ಣಿನ ಬಲೆ ಬೀಸಿ ಮರಿಗಳನ್ನೂ ಹಿಡಿದರೆ ಗೆಂಡೆಗಳು ಉಳಿಯುವುದೆಂತು? ಬಲಿತ ಮರಿಗಳನ್ನು ಬಿಡಬೇಕು, ಮೊಟ್ಟೆಯಿಡುವ ಮಳೆಗಾಲದಲ್ಲಿ ಬಲೆಗೆ ಬಿಡುವು ಕೊಡಬೇಕು.

ನಮ್ಮ ಪಾಲಿನ ಕರ್ತವ್ಯವೂ ಒಂದುಂಟು. ಪುಣೆಯ ಮೋರಿನೀರು ಮುಳಾ-ಮುಠಾ ಸೇರಿ, ಭೀಮೆಗಿಳಿದು, ಉಜನಿಗೆ ಬರುತ್ತದೆ. ಅದೇ ಭೀಮೆ ಪಂಢರಪುರವನ್ನು ದಾಟಿ ನಮ್ಮ ವಿಜಾಪುರ, ಕಲಬುರ್ಗಿ ಜಿಲ್ಲೆಗಳಿಗೆ ಹರಿಯುತ್ತದೆ. ನಾವಿಲ್ಲಿ ಹೊಲಸು ಮಾಡಿದ ನೀರು ಮೀನುಗಾರನ ಬದುಕನ್ನು ಕೆಡಿಸಿ, ಕೊನೆಗೆ ನಮ್ಮ ತವರಿನ ದಂಡೆಯನ್ನೇ ಮುಟ್ಟುತ್ತದೆ. ಇದನ್ನು ನಾವು ಮರೆಯಬಾರದು.