ಶರೀಫಜ್ಜನ ಹಾಡಿಗೆ ಮುಂಬಯಿ ಕೊಟ್ಟ ಸೀಡಿ



ಈ ಸಲ ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ಮೈಸೂರಿನಲ್ಲಿ ಬೆಳೆದ ಗಾಯಕನೊಬ್ಬನ ಮೊದಲ ಆಲ್ಬಮ್ ಯಾವ ಊರಿನಿಂದ ಹೊರಬರಬೇಕು? ಬೆಂಗಳೂರಿನಿಂದ ಎನ್ನುತ್ತೀರಿ, ಅಲ್ಲವೇ? ಆದರೆ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ಮನ್ನು 2008ರಲ್ಲಿ ಹೊರತಂದವರು ನಮ್ಮ ಮುಂಬಯಿಯ ಹಿಂದಿ ಸಿನಿಮಾ ಸಂಗೀತ ನಿರ್ದೇಶಕರು, ವಿಶಾಲ್-ಶೇಖರ್ ಜೋಡಿ. ಅದರಲ್ಲಿ ಸಂತ ಶಿಶುನಾಳ ಶರೀಫರ ಎರಡು ಹಾಡುಗಳಿದ್ದವು. ಅವು ಇಲ್ಲಿಗೆ ಬಂದ ದಾರಿ ಸ್ವಾರಸ್ಯವಾಗಿದೆ.

ಶರೀಫರು ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ. ತೀರಿಕೊಂಡದ್ದು 1889ರಲ್ಲಿ. ಮುಸ್ಲಿಂ ಮನೆತನದ ಈ ಮಾಸ್ತರರಿಗೆ ಗುರುವಾದವರು ಕಳಸದ ಗೋವಿಂದಭಟ್ಟರು. ಶರೀಫರ ಕಾಲದ ಧಾರವಾಡ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರ ಏಕೀಕರಣದವರೆಗೂ ಆ ಕಡೆಯ ಜನರಿಗೆ ಮುಂಬಯಿಯೇ ರಾಜಧಾನಿ. ಹಾಗೆ ನೋಡಿದರೆ ಶರೀಫಜ್ಜನೂ ಒಂದು ಲೆಕ್ಕದಲ್ಲಿ ನಮ್ಮ ಪ್ರಾಂತದವನೇ!

ಅವರ ತತ್ವಪದಗಳು ಏಕತಾರಿಯ ಜೊತೆ, ಭಜನಾ ಮೇಳಗಳ ಜೊತೆ ಬಾಯಿಂದ ಬಾಯಿಗೆ ಸಾಗಿ ಉಳಿದುಕೊಂಡವು. ಆಮೇಲೆ ಕ್ಯಾಸೆಟ್ ಯುಗ ಬಂತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ 'ನಿತ್ಯೋತ್ಸವ' ಬಂದು, ಸಿನಿಮಾದ ಹಂಗಿಲ್ಲದೆಯೂ ಕನ್ನಡ ಹಾಡು ಮನೆಮನೆ ತಲುಪಬಹುದೆಂದು ತೋರಿಸಿತು. ಶರೀಫರನ್ನು ಅದೇ ರೀತಿ ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವಥ್. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೂ ಅವರದೇ ಸಂಗೀತ.

ಇನ್ನು ರಘು ಅವರ ಕಥೆ. ಹುಟ್ಟಿದ್ದು 1974ರಲ್ಲಿ, ಮಹಾರಾಷ್ಟ್ರದ ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕ, ಭರತನಾಟ್ಯದಲ್ಲಿ ವಿದ್ವತ್. ಗಿಟಾರ್ ಕೈಗೆ ಬಂದದ್ದು ಕಾಲೇಜು ಗೆಳೆಯನೊಬ್ಬನ ಸವಾಲಿನಿಂದ ಎಂದು ಅವರೇ ಹೇಳಿಕೊಂಡಿದ್ದಾರೆ. ಮೊದಲು 'ಅಂತರಾಗ್ನಿ' ಎಂಬ ತಂಡ ಕಟ್ಟಿದರು, ಬಳಿಕ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್'. ಹಾಡುಗಳೇನೋ ಸಿದ್ಧವಿದ್ದವು, ಆದರೆ ಆಲ್ಬಮ್ ಮಾಡುವವರು ಸಿಗಲಿಲ್ಲ. ವರ್ಷಗಟ್ಟಲೆ ಸಂಗೀತ ಕಂಪನಿಗಳ ಬಾಗಿಲು ತಟ್ಟಿದ್ದನ್ನು ಅವರು ಸಂದರ್ಶನಗಳಲ್ಲಿ ನೆನೆದಿದ್ದಾರೆ. ಸಿನಿಮಾದ್ದಲ್ಲದ, ಭಕ್ತಿಗೀತೆಯೂ ಅಲ್ಲದ, ಒಂದೇ ಭಾಷೆಯಲ್ಲೂ ಇಲ್ಲದ ಹಾಡುಗಳನ್ನು ಅಂಗಡಿಯ ಯಾವ ಕಪಾಟಿನಲ್ಲಿ ಇಡುವುದು? ಕಂಪನಿಗಳ ತಲೆನೋವು ಅದಿರಬೇಕು.

ಮುಂಬಯಿಯಲ್ಲಿ ಅವರ ಹಾಡು ವಿಶಾಲ್ ದದ್ಲಾನಿ, ಶೇಖರ್ ರವಜಿಯಾನಿ ಅವರ ಕಿವಿಗೆ ಬಿತ್ತು. 2007ರ 'ಓಂ ಶಾಂತಿ ಓಂ' ಚಿತ್ರಕ್ಕೆ ಸಂಗೀತ ಕೊಟ್ಟ ಜೋಡಿ ಇದೇ. ವಿಶಾಲ್ 'ಪೆಂಟಾಗ್ರಾಮ್' ಎಂಬ ರಾಕ್ ತಂಡದ ಗಾಯಕರೂ ಹೌದು. ಸಿನಿಮಾದ ಹೊರಗೆ ಹಾಡುವವರ ಪಾಡು ಅವರಿಗೆ ಗೊತ್ತಿತ್ತು. ತಮ್ಮ 'ಕೌಂಟರ್ ಕಲ್ಚರ್ ರೆಕಾರ್ಡ್ಸ್' ಮೂಲಕ ಅವರು ಆಲ್ಬಮ್ ತಂದರು. ಅದರಲ್ಲಿ ಹಿಂದಿಯ 'ಮೈಸೂರ್ ಸೇ ಆಯೀ' ಇತ್ತು, ಇಂಗ್ಲಿಷಿನ ಹಾಡೊಂದಿತ್ತು. ಅವುಗಳ ಪಕ್ಕದಲ್ಲೇ 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನೆಯ ಮಾಳಿಗಿ' ಅಚ್ಚ ಕನ್ನಡದಲ್ಲಿ ಕೂತಿದ್ದವು. ಹಿಂದಿ ಮಾರುಕಟ್ಟೆಯ ಸೀಡಿಯೆಂದು ಶರೀಫರನ್ನು ಯಾರೂ ಹಿಂದಿಗೆ ತಿರುಗಿಸಲಿಲ್ಲ. ನನಗೆ ಮುಖ್ಯವೆನಿಸುವುದು ಇದೇ.

ಶರೀಫರ ಪದಕ್ಕೆ ಗಿಟಾರ್, ಡ್ರಮ್ಸ್ ಸಲ್ಲುತ್ತವೆಯೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಅಶ್ವಥ್ ಅವರ ವಾದ್ಯಮೇಳವೂ ಏಕತಾರಿಗೆ ಹೋಲಿಸಿದರೆ ಹೊಸದೇ ಆಗಿತ್ತು ಎಂಬುದನ್ನು ಮರೆಯಬಾರದು. ಆದರೂ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ತಾಳ ಜೋರಾದಾಗ ಕೇಳುವವನ ಕಾಲು ಕುಣಿಯುತ್ತದೆ, ಮಾತಿನ ಒಳಗಿರುವ ತತ್ವ ಜಾರಿಹೋಗುವ ಅಪಾಯವಿದೆ. ಮಳೆಗಾಲದಲ್ಲಿ ಮಾಡಿನ ಮೇಲೆ ತಾಡಪತ್ರಿ ಹೊದಿಸುವ ನಮ್ಮೂರಿನ ಚಾಳಿನವರಿಗೆ ಸೋರುವ ಮಾಳಿಗೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಶರೀಫರು ಹೇಳುತ್ತಿದ್ದದ್ದು ಅಜ್ಞಾನದಿಂದ ಸೋರುವ ಒಳಮನೆಯ ಮಾತು. ಅದನ್ನು ಗಿಟಾರ್ ತಾನಾಗಿ ಹೇಳಿಕೊಡದು. ಮನೆಯ ಹಿರಿಯರೇ ಹೇಳಬೇಕು.

ಆಮೇಲೆ ಈ ಹಾಡುಗಳು ದೂರ ಹೋದವು. 2010ರಲ್ಲಿ ತಂಡವು ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆ ಹೊಸಬರಿಗೆ ಕೊಡುವ ಪ್ರಶಸ್ತಿಯನ್ನು ಪಡೆಯಿತು. ಮನೆಯಲ್ಲಿ ಮೂರು ವರ್ಷ ಹಳೆಯದಾಗಿದ್ದ ಆಲ್ಬಮ್ಮಿನವರು ಅಲ್ಲಿ ಹೊಸಬರು! 2013ರಲ್ಲಿ ಬಂದ ಎರಡನೆಯ ಆಲ್ಬಮ್ 'ಜಗ್ ಚಂಗಾ'ದಲ್ಲೂ 'ಲೋಕದ ಕಾಳಜಿ'ಯ ಮೂಲಕ ಶರೀಫರು ಜೊತೆಗೇ ಇದ್ದರು.

ಈಗ ಸೀಡಿ ಕೊಳ್ಳುವವರು ವಿರಳ, ಹಾಡು ಫೋನಿನಲ್ಲೇ ಸಿಗುತ್ತದೆ. ನಮ್ಮೂರಿನ ಎಷ್ಟೋ ಕನ್ನಡ ಮನೆಗಳಲ್ಲಿ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲಾರರು. ಅಂಥವರಿಗೆ ಶರೀಫರು ಪುಸ್ತಕದಿಂದ ಸಿಗುವುದಿಲ್ಲ, ಕಿವಿಯಿಂದಲೇ ಸಿಗಬೇಕು. ಮೊದಲು ಸಿಕ್ಕಿದ್ದೂ ಹಾಗೆಯೇ ತಾನೇ?

ಈ ಭಾನುವಾರ ಒಂದು ಕೆಲಸ ಮಾಡಿ. 'ಸೋರುತಿಹುದು' ಹಾಡನ್ನು ಮೊದಲು ಅಶ್ವಥ್ ದನಿಯಲ್ಲಿ, ಆಮೇಲೆ ರಘು ದನಿಯಲ್ಲಿ ಮಕ್ಕಳ ಜೊತೆ ಕೂತು ಕೇಳಿ. ಮನೆ ಯಾಕೆ ಸೋರುತ್ತಿದೆ ಎಂದು ಮಕ್ಕಳು ಕೇಳಿದರೆ, ಅರ್ಥ ಹೇಳಲು ನೀವು ಪಕ್ಕದಲ್ಲಿರಿ.

ಮತ್ತೆ ಸಿಗೋಣ. ಕೇಳುತ್ತಿರಿ.