ಗದರಿದ್ದಾಯ್ತು, ಶಿಕ್ಷೆ ಎಲ್ಲಿ ಸ್ವಾಮಿ?

ಆಗ ನಾನಿನ್ನೂ ಹೈಸ್ಕೂಲು. ರಾತ್ರಿ ವಾರ್ತೆ ಶುರುವಾದ್ರೆ ಅಪ್ಪ ಊಟದ ತಟ್ಟೆ ಹಿಡ್ಕೊಂಡೇ ಟಿವಿ ಮುಂದೆ ಕೂರ್ತಿದ್ರು. ಪರದೆ ಮೇಲೆ ವಯಸ್ಸಾದ ನ್ಯಾಯಮೂರ್ತಿಯೊಬ್ಬರು ಸರ್ಕಾರಿ ಆಸ್ಪತ್ರೆಯೊಳಗೆ ನಿಂತು, ಸಿಬ್ಬಂದಿಯನ್ನು ಎಲ್ಲರೆದುರೇ ತರಾಟೆಗೆ ತಗೊಳ್ತಿದ್ರು. "ಹಂಗೇ ಹಾಕ್ರಿ ಸ್ವಾಮಿ!" ಅಂತ ಅಪ್ಪ ಟಿವಿಗೇ ಹೇಳೋರು. ಅದಕ್ಕೆ ಕಾರಣವೂ ಇತ್ತು. ಪಹಣಿ ತಿದ್ದುಪಡಿಗೆ ಅಂತ ಕಚೇರಿಗೆ ಅಲೆದೂ ಅಲೆದೂ, ಕೊನೆಗೆ ಕೇಳಿದಷ್ಟು ಕೊಟ್ಟು ಬಂದಿದ್ರು.

ಆ ನ್ಯಾಯಮೂರ್ತಿಯೇ ಎನ್. ವೆಂಕಟಾಚಲ. ಹುಟ್ಟಿದ್ದು 1930ರಲ್ಲಿ. ಕರ್ನಾಟಕ ಹೈಕೋರ್ಟ್ ನ್ಯಾಯಮೂರ್ತಿಯಾಗಿ, 1992ರಿಂದ 1995ರವರೆಗೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿ ನಿವೃತ್ತರಾದವರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ 2001ರಲ್ಲಿ, 70ರ ವಯಸ್ಸಿನಲ್ಲಿ, ಅವರು ಲೋಕಾಯುಕ್ತರಾದರು. ಸರ್ಕಾರಿ ಆಡಳಿತದ ತಪ್ಪುಗಳನ್ನೇ ವಿಚಾರಿಸುವ ನ್ಯಾಯಮೂರ್ತಿಯ ಹುದ್ದೆ ಅದು.

ಹುದ್ದೆ ಹೊಸದೇನಲ್ಲ. ರಾಮಕೃಷ್ಣ ಹೆಗಡೆ ಸರ್ಕಾರದ ಕಾಲದಲ್ಲಿ, 1984ರಲ್ಲೇ ಲೋಕಾಯುಕ್ತ ಕಾಯ್ದೆ ಬಂದಿತ್ತು. ಆದರೆ ಹಳ್ಳಿಯ ಜನಕ್ಕೆ ಆ ಹೆಸರೇ ಗೊತ್ತಿರಲಿಲ್ಲ. ವೆಂಕಟಾಚಲ ಅವರು ಬೆಂಗಳೂರಿನ ಕುರ್ಚಿ ಬಿಟ್ಟು ಜಿಲ್ಲೆ ಜಿಲ್ಲೆ ತಿರುಗಿದರು. ಆಸ್ಪತ್ರೆ, ತಾಲ್ಲೂಕು ಕಚೇರಿ ಹೊಕ್ಕರು. ಜನರಿಂದ ಅಲ್ಲೇ ದೂರು ಪಡೆದರು, ಅಚ್ಚ ಕನ್ನಡದಲ್ಲಿ ಗದರಿದರು. ಹಿಂದೆಯೇ ಕ್ಯಾಮೆರಾಗಳೂ ಹೋದವು. "ಲೋಕಾಯುಕ್ತಕ್ಕೆ ಕೊಡ್ತೀನಿ ನೋಡು" ಅನ್ನೋ ಮಾತು ಜನರ ಬಾಯಿಗೆ ಬಂತು.

ಈಗ ಬನ್ನಿ ಅಸಲಿ ವಿಷಯಕ್ಕೆ. ಅವರ ಕೈಯಲ್ಲಿದ್ದ ಅಧಿಕಾರ ಎಷ್ಟು? ನಾನು ಇಂಜಿನಿಯರಿಂಗ್ ಓದಿದವನು, ಯಂತ್ರ ಬಿಚ್ಚಿ ನೋಡೋ ಚಾಳಿ. ಲೋಕಾಯುಕ್ತರು ವಿಚಾರಣೆ ಮಾಡಬಹುದು, ವರದಿ ಕೊಡಬಹುದು, ಶಿಫಾರಸು ಮಾಡಬಹುದು. ಶಿಕ್ಷೆ? ಅದು ಸರ್ಕಾರದ ಕೈಯಲ್ಲಿ. ಲೋಕಾಯುಕ್ತ ಪೊಲೀಸರು ನೋಟಿಗೆ ಫಿನಾಫ್ತಲೀನ್ ಪುಡಿ ಸವರಿ ಬಲೆ ಬೀಸುತ್ತಾರೆ. ಲಂಚ ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ರಸಾಯನಶಾಸ್ತ್ರಕ್ಕೆ ಒಂದೇ ಕ್ಷಣ ಸಾಕು. ಆದರೆ ಆ ಅಧಿಕಾರಿಯ ಮೇಲೆ ಕೋರ್ಟಿನಲ್ಲಿ ಮೊಕದ್ದಮೆ ನಡೆಸೋಕೆ ಮೇಲಿನವರ ಅನುಮತಿ ಬೇಕು. ಕಡತ ಅಲ್ಲಿ ಕೂತರೆ ಕೂತಂಗೇ! ಸ್ವಯಂಪ್ರೇರಿತ ತನಿಖೆಯ ಅಧಿಕಾರ ಕೊಡಿ ಅಂತ ಅವರು ಕೇಳುತ್ತಲೇ ಇದ್ದರು. 2006ರಲ್ಲಿ ಅವಧಿ ಮುಗಿಯಿತು. ಅಧಿಕಾರ ಬರಲಿಲ್ಲ.

ನಂತರ ಬಂದವರು ಸಂತೋಷ್ ಹೆಗ್ಡೆ. 2011ರ ಜುಲೈನಲ್ಲಿ ಅವರ ಅಕ್ರಮ ಗಣಿಗಾರಿಕೆ ವರದಿ ಬಂದಾಗ ಆಗಿನ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಐದು ವರ್ಷ ಕಳೆಯುವಷ್ಟರಲ್ಲಿ, 2016ರಲ್ಲಿ, ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ಅಂತ ಬೇರೆಯದೇ ಕಟ್ಟಿ, ಲೋಕಾಯುಕ್ತ ಪೊಲೀಸರ ತನಿಖೆಯ ಅಧಿಕಾರ ಕಿತ್ತುಕೊಂಡಿತು. ಹಲ್ಲಿಲ್ಲದ ಹಾವು ಅಂತಿದ್ದವರು ಹೆಡೆಯನ್ನೂ ಬಿಡಲಿಲ್ಲ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನು ರದ್ದು ಮಾಡಿ ಅಧಿಕಾರ ವಾಪಸ್ ಕೊಡಿಸಿತು. ಅದನ್ನು ನೋಡೋಕೆ ವೆಂಕಟಾಚಲ ಇರಲಿಲ್ಲ. 2019ರ ಅಕ್ಟೋಬರ್ 30ರಂದು ತೀರಿಕೊಂಡಿದ್ದರು.

ಇಲ್ಲಿ ನಮ್ಮ ಪಾಲಿನ ತಪ್ಪನ್ನೂ ಹೇಳಿಬಿಡ್ತೀನಿ. ಗದರೋದು ಟಿವಿಗೆ ಚೆಂದ. ಇಲಾಖಾ ವಿಚಾರಣೆ ಟಿವಿಗೆ ಬೋರು. ಹಾಗಾಗಿ ನಾವು ದಾಳಿ ತೋರಿಸ್ತೀವಿ, ಚಿನ್ನ ತೋರಿಸ್ತೀವಿ, ಕಂತೆ ಕಂತೆ ನೋಟು ತೋರಿಸ್ತೀವಿ. ಆ ಅಧಿಕಾರಿ ಮತ್ತೆ ಕುರ್ಚಿಗೆ ಬಂದು ಕೂತ ದಿನ ಅಲ್ಲಿ ಕ್ಯಾಮೆರಾ ಇರಲ್ಲ. ನೋಡೋರಿಗೆ ಬೈದದ್ದೇ ಶಿಕ್ಷೆ ಅನ್ನಿಸಿಬಿಡುತ್ತೆ. ನಮ್ಮಪ್ಪನಿಗೂ ಹಾಗೇ ಅನ್ನಿಸಿತ್ತು.

ಅವರು ತೀರಿಕೊಂಡ ಸುದ್ದಿ ಓದಿ ಮನೆಗೆ ಹೋದ ರಾತ್ರಿ ಅಪ್ಪನ್ನ ಕೇಳಿದೆ: "ಆವತ್ತು ಅಷ್ಟೊಂದು ಖುಷಿಪಡ್ತಿದ್ರಲ್ಲ, ಪಹಣಿ ವಿಷಯಕ್ಕೆ ನೀವ್ಯಾಕೆ ಲೋಕಾಯುಕ್ತಕ್ಕೆ ದೂರು ಕೊಡ್ಲಿಲ್ಲ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. "ನಮ್ಮ ಕೆಲಸ ಆಗ್ಬೇಕಿತ್ತಲ್ಲ ಕಣೋ" ಅಂದ್ರು.