‘ಡ್ರೌಸಿ’ ಎಂದರೇನು? ಔಷಧದ ಮೇಲಿನ ಒಂದು ಪದದ ಅರ್ಥ ಮತ್ತು ಬಳಕೆ

ನೆಗಡಿಗೋ ತುರಿಕೆಗೋ ಕೊಂಡು ತಂದ ಔಷಧದ ಹೊದಿಕೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾಗಿರುವ ಎಚ್ಚರಿಕೆಗಳಲ್ಲಿ ಪದೇ ಪದೇ ಕಾಣಿಸುವ ಇಂಗ್ಲಿಷ್ ಪದ ‘ಡ್ರೌಸಿನೆಸ್’. ‘ನಿದ್ದೆ ಬರುತ್ತದೆ, ಅಷ್ಟೇ ತಾನೆ’ ಎಂದು ಅದನ್ನು ಲಘುವಾಗಿ ತೆಗೆದುಕೊಳ್ಳುವವರುಂಟು. ಆದರೆ ಈ ಪದ ಸೂಚಿಸುವುದು ನಿದ್ದೆಗೂ ಎಚ್ಚರಕ್ಕೂ ನಡುವಿನ ಸ್ಥಿತಿಯನ್ನು. ಕಣ್ಣು ತೆರೆದಿರುತ್ತದೆ, ಗಮನ ಜಾರಿರುತ್ತದೆ. ವಾಹನ ಚಲಾಯಿಸುವವರಿಗೆ ಹಾಗೂ ಯಂತ್ರದ ಮುಂದೆ ದುಡಿಯುವವರಿಗೆ ಈ ವ್ಯತ್ಯಾಸ ಜೀವನ್ಮರಣದ ಪ್ರಶ್ನೆಯಾಗಬಲ್ಲದು.

ಪದದ ಹುಟ್ಟು

‘ಡ್ರೌಸಿ’ ಗುಣವಾಚಕ. ಅದರ ನಾಮಪದ ‘ಡ್ರೌಸಿನೆಸ್’, ಕ್ರಿಯಾಪದ ‘ಡ್ರೌಸ್’, ಕ್ರಿಯಾವಿಶೇಷಣ ‘ಡ್ರೌಸಿಲಿ’. 16ನೇ ಶತಮಾನದಿಂದ ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ಈ ಪದವನ್ನು ಹಳೆಯ ಇಂಗ್ಲಿಷಿನ ‘ಡ್ರೂಸಿಯನ್’ ಎಂಬ ಧಾತುವಿಗೆ ಜೋಡಿಸಲಾಗುತ್ತದೆ. ಕುಗ್ಗು, ಜಡವಾಗು ಎಂಬುದು ಅದರ ಅರ್ಥ. ತಲೆ ವಾಲುವ, ರೆಪ್ಪೆ ಇಳಿಯುವ ಚಿತ್ರ ಪದದ ಬೇರಿನಲ್ಲೇ ಇದೆ ಎನ್ನಬಹುದು.

ನೆರೆಯ ಪದಗಳು

ಇದೇ ಅರ್ಥವಲಯದ ಇತರ ಪದಗಳಿಂದ ‘ಡ್ರೌಸಿ’ಯನ್ನು ಬೇರ್ಪಡಿಸಿ ನೋಡಿದರೆ ಬಳಕೆ ಸ್ಪಷ್ಟವಾಗುತ್ತದೆ. ‘ಸ್ಲೀಪಿ’ ಸಾಮಾನ್ಯ ಪದ. ರಾತ್ರಿ ಹತ್ತಕ್ಕೆ ಆಕಳಿಸುವ ಮಗು ‘ಸ್ಲೀಪಿ’. ಮಾತ್ರೆ, ಬಿಸಿಲು, ಭಾರೀ ಊಟ ಅಥವಾ ಏಕತಾನದ ಪ್ರಯಾಣದಿಂದ ಮೈಮನಸ್ಸು ಮಂದವಾದಾಗ ‘ಡ್ರೌಸಿ’ ಹೆಚ್ಚು ಒಪ್ಪುತ್ತದೆ. ‘ಡೋಜ್’ ಎಂದರೆ ತೂಕಡಿಸುವ ಕ್ರಿಯೆ. ‘ಲೆಥಾರ್ಜಿಕ್’ ಎಂಬುದರಲ್ಲಿ ನಿದ್ದೆಗಿಂತ ಆಲಸ್ಯ, ನಿಶ್ಶಕ್ತಿಗಳೇ ಮುಖ್ಯ.

‘ಸಾಮ್ನೊಲೆಂಟ್’ ಪಂಡಿತರ ಹಾಗೂ ವೈದ್ಯರ ಪದ. ನಿದ್ದೆ ಎಂಬ ಅರ್ಥದ ಲ್ಯಾಟಿನ್ ‘ಸೋಮ್ನಸ್’ ಇದರ ಮೂಲ. ನಿದ್ರಾಹೀನತೆಯನ್ನು ಹೇಳುವ ‘ಇನ್ಸಾಮ್ನಿಯಾ’ ಕೂಡ ಅಲ್ಲಿಂದಲೇ ಬಂದುದು. ‘ಸೋಪೊರಿಫಿಕ್’ ಎಂದರೆ ನಿದ್ದೆ ತರಿಸುವಂಥದ್ದು. ಉದ್ದನೆಯ ಭಾಷಣ ‘ಸೋಪೊರಿಫಿಕ್’ ಆದರೆ ಅದನ್ನು ಕೇಳುತ್ತ ಕುಳಿತವರು ‘ಡ್ರೌಸಿ’. ಗಾಢವಾಗಿ ಮಲಗಿರುವವನನ್ನು ‘ಡ್ರೌಸಿ’ ಎನ್ನುವಂತಿಲ್ಲ, ಅವನು ‘ಅಸ್ಲೀಪ್’. ಆದರೆ ನಿಶ್ಚಲವಾದ ಮಧ್ಯಾಹ್ನವನ್ನು, ಸದ್ದಿಲ್ಲದ ಹಳ್ಳಿಯನ್ನು ಆಲಂಕಾರಿಕವಾಗಿ ‘ಡ್ರೌಸಿ’ ಎಂದು ವರ್ಣಿಸುವುದುಂಟು.

ಕನ್ನಡದಲ್ಲಿ ಏನೆನ್ನಬೇಕು?

ಕನ್ನಡದಲ್ಲಿ ಈ ಸ್ಥಿತಿಗೆ ಪದಗಳ ಬರವಿಲ್ಲ. ತೂಕಡಿಕೆ, ಜೋಂಪು, ಮಂಪರು, ಅರೆನಿದ್ದೆ, ನಿದ್ದೆಗಣ್ಣು ಎಲ್ಲವೂ ಇವೆ. ‘ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟಂತೆ’ ಎಂಬ ಗಾದೆ ಮನೆಮಾತಾಗಿದೆ. ಆದರೂ ಔಷಧದ ಪರಿಣಾಮವನ್ನು ಹೇಳುವುದಕ್ಕೆ ‘ಮಂಪರು’ ಎಂಬುದೇ ಅತ್ಯಂತ ಹತ್ತಿರದ ಪದ.

ಇಲ್ಲೊಂದು ತೊಡಕಿದೆ. ‘ಮಂಪರು’ ಎಂದೊಡನೆ ಪತ್ರಿಕೆಗಳ ಓದುಗರಿಗೆ ‘ಮಂಪರು ಪರೀಕ್ಷೆ’ ನೆನಪಾಗುತ್ತದೆ. ಆರೋಪಿಗೆ ಔಷಧ ಚುಚ್ಚಿ, ಅರೆಎಚ್ಚರದಲ್ಲಿ ಪ್ರಶ್ನಿಸುವ ನಾರ್ಕೋ ಅನಾಲಿಸಿಸ್‌ಗೆ ಕನ್ನಡ ಪತ್ರಿಕೆಗಳು ಕೊಟ್ಟ ಹೆಸರದು. ಆರೋಪಿಯ ಒಪ್ಪಿಗೆಯಿಲ್ಲದೆ ಈ ಪರೀಕ್ಷೆ ನಡೆಸುವಂತಿಲ್ಲವೆಂದು ‘ಸೆಲ್ವಿ ಮತ್ತು ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪಿತ್ತಿತು. ಪೊಲೀಸು, ಕೋರ್ಟುಗಳ ನೆರಳು ಬಿದ್ದರೂ ಪದ ಮಾತ್ರ ಹಳೆಯದೇ. ನೆಗಡಿಯ ಮಾತ್ರೆಯಿಂದ ಬರುವುದೂ ಮಂಪರೇ.

ಮಾತ್ರೆಯಿಂದ ಮಂಪರು ಏಕೆ?

ಅಲರ್ಜಿಯಾದಾಗ ಸೀನು, ತುರಿಕೆಗಳನ್ನು ಉಂಟುಮಾಡುವ ಹಿಸ್ಟಮಿನ್ ಎಂಬ ರಾಸಾಯನಿಕವೇ ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುವ ಕೆಲಸವನ್ನೂ ಮಾಡುತ್ತದೆ. ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್‌ನಂತಹ ಹಳೆಯ ತಲೆಮಾರಿನ ಔಷಧಗಳು ಸುಲಭವಾಗಿ ಮಿದುಳನ್ನು ಪ್ರವೇಶಿಸಿ ಹಿಸ್ಟಮಿನ್‌ನ ಕೆಲಸವನ್ನು ಅಲ್ಲಿಯೂ ತಡೆಯುತ್ತವೆ. ಸೀನು ನಿಲ್ಲುವುದರೊಂದಿಗೆ ಎಚ್ಚರವೂ ಕುಂದುತ್ತದೆ. ಸೆಟಿರಿಜಿನ್‌ನಿಂದ ಈ ತೊಂದರೆ ಕಡಿಮೆ, ಆದರೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ಫೆಕ್ಸೊಫೆನಡಿನ್‌ನಿಂದ ಅದು ತೀರಾ ಕಡಿಮೆ. ‘ನಾನ್-ಡ್ರೌಸಿ’ ಎಂಬ ವಿಶೇಷಣ ಬಳಕೆಗೆ ಬಂದದ್ದು ಇಂತಹ ಹೊಸ ಔಷಧಗಳಿಗಾಗಿ.

ಗಮನಿಸಬೇಕಾದ ಸಂಗತಿಯೆಂದರೆ, ನಿದ್ದೆ ಬರುತ್ತಿದೆ ಎಂದು ಅನ್ನಿಸದಿದ್ದರೂ ಪ್ರತಿಕ್ರಿಯೆಯ ವೇಗ ಕುಗ್ಗಿರಬಹುದು. ರಾತ್ರಿ ನುಂಗಿದ ಹಳೆಯ ತಲೆಮಾರಿನ ಮಾತ್ರೆಯ ಪ್ರಭಾವ ಮರುದಿನ ಬೆಳಿಗ್ಗೆಯವರೆಗೂ ಉಳಿಯಬಹುದು. ಜೊತೆಗೆ ಮದ್ಯ ಸೇರಿದರೆ ಮಂಪರು ಇನ್ನಷ್ಟು ಹೆಚ್ಚುತ್ತದೆ. ವಯಸ್ಸಾದವರು ಎಡವಿ ಬೀಳುವ ಅಪಾಯವೂ ಇದೆ.

ಕಾನೂನೂ ಈ ಬಗ್ಗೆ ಮೌನವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಸಾಮಾನ್ಯವಾಗಿ ಪಾನಮತ್ತ ಚಾಲನೆಗೆ ಸಂಬಂಧಿಸಿದ್ದೆಂದು ಪರಿಚಿತ. ವಾಹನದ ಮೇಲೆ ಸರಿಯಾದ ಹಿಡಿತವಿಡಲು ಆಗದಷ್ಟು ಮಾದಕ ಅಥವಾ ಔಷಧ ದ್ರವ್ಯದ ಪ್ರಭಾವಕ್ಕೆ ಒಳಗಾಗಿ ಚಲಾಯಿಸುವುದೂ ಅದೇ ಕಲಮಿನಡಿ ಅಪರಾಧ.

ಇಂಗ್ಲಿಷರಿಗೇ ಕಷ್ಟವಾದ ಪದ

ಈ ಪದ ಕ್ಲಿಷ್ಟವೆನಿಸುವುದು ನಮಗೆ ಮಾತ್ರವಲ್ಲ. ಬ್ರಿಟನ್ನಿನಲ್ಲಿ ಔಷಧ ವಿತರಕರು ಅಂಟಿಸುವ ಎಚ್ಚರಿಕೆಯ ಚೀಟಿಗಳ ಭಾಷೆಯನ್ನು ಸಾಮಾನ್ಯ ಓದುಗರ ಮೇಲೆ ಪರೀಕ್ಷಿಸಿ ನೋಡಿದ ಬಳಿಕ, 2011ರಲ್ಲಿ ‘ಡ್ರೌಸಿನೆಸ್’ ಎಂಬುದನ್ನು ಕೈಬಿಟ್ಟು ‘ಸ್ಲೀಪಿ’ ಎಂಬ ಸರಳ ಪದವನ್ನು ಬಳಕೆಗೆ ತರಲಾಯಿತು. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರಿಗೇ ಸರಳಗೊಳಿಸಬೇಕಾಯಿತೆಂದ ಮೇಲೆ, ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಎಚ್ಚರಿಕೆ ಓದಬೇಕಾದ ನಮ್ಮ ರೋಗಿಗಳ ಪಾಡನ್ನು ಊಹಿಸಬಹುದು.

ಆದ್ದರಿಂದ ಔಷಧದ ಮೇಲೆ ಈ ಪದ ಕಂಡಾಗ ಅದನ್ನು ಹೀಗೆ ಓದಿಕೊಳ್ಳುವುದು ಕ್ಷೇಮ: ‘ಮಂಪರು ಬರಬಹುದು, ಬಂದದ್ದು ನಿಮಗೆ ತಿಳಿಯದೆಯೂ ಇರಬಹುದು. ವಾಹನ, ಯಂತ್ರ ಮತ್ತು ಮದ್ಯದಿಂದ ದೂರವಿರಿ.’ ಹೊಸ ಔಷಧ ಕೊಳ್ಳುವಾಗ ‘ಇದರಿಂದ ಮಂಪರು ಬರುತ್ತದೆಯೇ, ಎಷ್ಟು ಹೊತ್ತು ಇರುತ್ತದೆ, ಗಾಡಿ ಓಡಿಸಬಹುದೇ’ ಎಂದು ವೈದ್ಯರನ್ನೋ ಔಷಧ ಅಂಗಡಿಯವರನ್ನೋ ಕೇಳಲು ಸಂಕೋಚಪಡಬೇಕಾಗಿಲ್ಲ. ಮನೆಯ ಹಿರಿಯರಿಗೆ ಮಾತ್ರೆ ಕೊಡುವವರೂ ಈ ಮಾತನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ಒಳಿತು.